ಬ್ಯಾಪ್ಟಿಸ್ಟ್ ಪಾಸ್ಟರ್‌ಗಳು, ಸಭಾ ಮುಖಂಡರು ಪದೇ ಪದೇ ಕೇಳೋ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಕಡೆಯಿಂದ, ಬೆಂಗಳೂರಿನ ಹೊರಗಿನ ಲೇಔಟ್‌ಗಳಿಂದ ಫೋನ್ ಮಾಡೋ ಪಾಸ್ಟರ್‌ಗಳು, ಡೀಕನ್‌ಗಳು (ಸಭೆ ಆಡಳಿತ ನೋಡ್ಕೊಳ್ಳೋ ಸದಸ್ಯರು), ಪಾಸ್ಟರಮ್ಮಂದಿರು ಕೇಳೋ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಹೆಸರು, ಊರು ಬಿಟ್ಟು ಅವರ ಮಾತಲ್ಲೇ ಹಾಕಿದೀನಿ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಕಷ್ಟದ್ದು, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗ್ಬಹುದು. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ನಾನು ಕಂಡ ಹಾಗೆ ನಮ್ಮ ಪಾಸ್ಟರ್‌ಗಳು ಕುಸಿದು ಹೋಗೋದು ಎಲ್ಲಾನೂ ಒಬ್ಬರೇ ತಲೆ ಮೇಲೆ ಹೊತ್ಕೊಳ್ಳೋದ್ರಿಂದ. ಸಭೆ, ಅಂದ್ರೆ ಚರ್ಚು, ಸದಸ್ಯರೆಲ್ಲರ ಜವಾಬ್ದಾರಿ ಅಂತ ನಂಬೋ ಬ್ಯಾಪ್ಟಿಸ್ಟರಲ್ಲೇ ಹೀಗಾಗ್ತಿದೆ, ಅದು ನೋಡಿದ್ರೆ ಸಂಕಟ ಆಗತ್ತೆ. ಕೆಳಗಿನ ಉತ್ತರಗಳಲ್ಲಿ ಬಹಳಷ್ಟು ಆ ಸಂಕಟದಿಂದಾನೇ ಬಂದಿರೋದು.

## ಹೊಸದಾಗಿ ಸೇವೆಗೆ ಬಂದವರಿಗೆ

ಬ್ಯಾಪ್ಟಿಸ್ಟ್ ಅಂದ್ರೆ ಬೇರೆ ಸಭೆಗಳಿಗಿಂತ ಏನ್ ವ್ಯತ್ಯಾಸ ಅಂತ ಜನ ಕೇಳ್ತಾರೆ, ಎರಡು ಮಾತಲ್ಲಿ ಏನ್ ಹೇಳ್ಲಿ?

ಎರಡೇ ಮಾತು ಸಾಕು. ಯೇಸುವನ್ನ ತಾನೇ ನಂಬಿದೀನಿ ಅಂತ ಹೇಳೋಕೆ ಆಗೋರಿಗೆ ಮಾತ್ರ ನಾವು ದೀಕ್ಷಾಸ್ನಾನ ಕೊಡೋದು, ಅದೂ ನೀರಲ್ಲಿ ಪೂರ್ತಿ ಮುಳುಗಿಸಿ. ಇನ್ನೊಂದು, ನಮಗೆ ಮೇಲೆ ಬಿಷಪ್ ಅಂತ ಯಾರೂ ಇಲ್ಲ, ಒಂದೊಂದು ಊರಿನ ಸಭೇನೂ ಕ್ರಿಸ್ತನ ಕೈಕೆಳಗೆ ತಾನೇ ತೀರ್ಮಾನ ತಗೊಳತ್ತೆ, ಸದಸ್ಯರೆಲ್ಲ ಕೂತು ಒಪ್ಪಿ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ನರೆಲ್ಲ ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ದಕ್ಷಿಣದ ಬ್ಯಾಪ್ಟಿಸ್ಟರು ಅದರೊಳಗೆ ಹೋಗಲಿಲ್ಲ, ಕಾರಣ ಈ ಎರಡು ವಿಷಯಗಳೇ ಅನ್ನಬಹುದು. ಇಷ್ಟು ಹೇಳಿ ನಿಲ್ಸಿ. ಪಕ್ಕದ ಬೀದಿ ಸಿಎಸ್‌ಐನೋರನ್ನೋ ಕ್ಯಾಥೊಲಿಕ್‌ನೋರನ್ನೋ ಕಮ್ಮಿ ಮಾಡಿ ಮಾತಾಡೋದು ಬೇಡ. ನಾಳೆ ಯಾರಾದ್ರೂ ತೀರ್ಕೊಂಡ್ರೆ ಸಮಾಧಿಗೆ ಜಾಗ ಕೇಳೋಕೆ ಅವರ ಹತ್ರಾನೇ ಹೋಗ್ಬೇಕಾಗತ್ತೆ. ಅದಕ್ಕಿಂತ ಮುಖ್ಯವಾಗಿ, ಅವರೂ ಅದೇ ಕರ್ತನ ಜನ.

ಅಣ್ಣಾ, ಐದು ವರ್ಷ ಆಯ್ತು, ಇನ್ನೂ ಇಪ್ಪತ್ತು ಜನಾನೂ ಇಲ್ಲ. ದೇವರು ನಿಜವಾಗ್ಲೂ ನನ್ನ ಕರೆದಿದಾನಾ ಅಂತ ಅನುಮಾನ ಬರ್ತಿದೆ.

ಈ ಪ್ರಶ್ನೆ ಬಂದಷ್ಟು ಇನ್ಯಾವುದೂ ಬರಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ ಹೆಸರು ನಾವೆಲ್ಲ ಪುಲ್ಪಿಟ್ಟಲ್ಲಿ ಹೇಳ್ತೀವಿ. 1793ರ ನವೆಂಬರಲ್ಲಿ ಕಲ್ಕತ್ತಾಗೆ ಬಂದ್ರು. ಬಂದ ಮರುವರ್ಷಾನೇ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರ್ಕೊಂಡ. ಹೊಟ್ಟೆಪಾಡಿಗೆ ಮುದ್ನಾಬಟ್ಟಿ ಅನ್ನೋ ಕಡೆ ನೀಲಿ ಕಾರ್ಖಾನೆ ನೋಡ್ಕೊಂಡ್ರು. ಕಲ್ಕತ್ತಾಗೆ ಬಂದು ಏಳು ವರ್ಷ ಆದ್ಮೇಲೆ, 1800ರ ಡಿಸೆಂಬರ್ 28ಕ್ಕೆ ಬಂಗಾಳದ ಸೆರಾಂಪುರದಲ್ಲಿ ಕೃಷ್ಣ ಪಾಲ್ ಅನ್ನೋ ಬಡಗಿ ನದಿಗಿಳಿದು ದೀಕ್ಷಾಸ್ನಾನ ತಗೊಂಡ. ಆ ಏಳು ವರ್ಷದ ಕೆಲಸದಲ್ಲಿ ಅವರು ನೋಡಿದ ಮೊದಲ ಬಂಗಾಳಿ ವಿಶ್ವಾಸಿ ಅವನೇ. ಇನ್ನೂ ಒಂದು ಗಮನಿಸಿ, ಆ ಬಡಗಿ ಹತ್ರ ಆದದ್ದು ಅವನ ಭುಜದ ಕೀಲು ಜಾರಿದಾಗ ಕೇರಿ ಜೊತೆಗಾರ ಡಾಕ್ಟರ್ ಜಾನ್ ಥಾಮಸ್ ಸರಿ ಮಾಡೋಕೆ ಹೋಗಿದ್ರಿಂದ. ಕೇರಿ ಮಾಡಿದ ಅಷ್ಟು ಪ್ರಸಂಗಗಳ ಜೊತೆ ಇನ್ನೊಬ್ಬರ ಕೈ, ಇನ್ನೊಬ್ಬರ ಕೆಲಸ ಸೇರ್ಕೊಂಡಿತ್ತು.

ನಿಮ್ಮ ವಿಷಯಕ್ಕೆ ಬರೋಣ. ಇಪ್ಪತ್ತು ಜನ ಅಂದ್ರೆ ಆರೋ ಏಳೋ ಮನೆ. ಅವರಲ್ಲಿ ಈ ವರ್ಷ ಯಾರು ಕುಡಿತ ಬಿಟ್ರು, ಯಾವ ಅತ್ತೆ ಸೊಸೆ ಮಾತಾಡೋಕೆ ಶುರು ಮಾಡಿದ್ರು, ಯಾರು ಸತ್ಯವೇದ ತಾವೇ ಓದೋಕೆ ಶುರು ಮಾಡಿದ್ರು, ಯಾರು ಇನ್ನೊಬ್ಬರ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬಂದ್ರು, ಇದನ್ನ ಒಂದು ನೋಟ್‌ಬುಕ್ಕಲ್ಲಿ ಬರೀರಿ. ವರ್ಷದ ಕೊನೇಲಿ ಆ ಬುಕ್ ಒಂದೇ ಸಲ ಕೂತು ಓದಿ. ಯೂಟ್ಯೂಬಲ್ಲಿ ಸಾವಿರ ಜನರ ಮೀಟಿಂಗ್ ನೋಡಿ ರಾತ್ರಿ ಹನ್ನೊಂದಕ್ಕೆ ನಿಮ್ಮ ಸಭೆ ಜೊತೆ ಹೋಲಿಸ್ಕೊಳ್ಳೋದು ಮಾತ್ರ ಬಿಟ್ಬಿಡಿ, ದಯವಿಟ್ಟು. ಕರೆ ಬಗ್ಗೆ ಅನುಮಾನ ಇದ್ರೆ ಅದನ್ನ ಒಬ್ಬರೇ ನೂಕ್ತಾ ಇರಬೇಡಿ, ನಿಮ್ಮನ್ನ ಹತ್ತಿರದಿಂದ ನೋಡಿರೋ ಇಬ್ಬರು ಮೂವರು ಪ್ರಾಯದ ವಿಶ್ವಾಸಿಗಳನ್ನ ಕೂರಿಸ್ಕೊಂಡು ಕೇಳಿ. ಕರೆಯನ್ನ ಗುರುತಿಸೋದು ಸಭೆ ಕೆಲಸಾನೂ ಹೌದು.

ಡ್ರೈವಿಂಗ್ ಮಾಡ್ಕೊಂಡು ಸೇವೆ ಮಾಡ್ತೀನಿ. ಕೆಲವರು 'ನಂಬಿಕೆ ಇಲ್ದೋರು ಹಂಗೆ ಮಾಡೋದು' ಅಂತಾರೆ. ತಪ್ಪಾ?

ತಪ್ಪಲ್ಲ. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲೀತಿದ್ದ, ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ನೋಡಿ. ಕೇರಿ ಇಂಗ್ಲೆಂಡಲ್ಲಿ ಶೂ ಹೊಲೀತಿದ್ರು, ಪಾಠ ಹೇಳ್ತಿದ್ರು. ಸಣ್ಣ ಸಭೆ ಇರೋವಾಗ ನಿಮ್ಮ ದುಡಿಮೆ ಸಭೆ ಮೇಲೆ ಭಾರ ಹಾಕದೇ ಇರೋ ಪ್ರೀತಿ. ಆದ್ರೆ ಎರಡು ಎಚ್ಚರ. ವಾರಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು, ಅದು ಭಾನುವಾರ ಆಗೋಕೆ ಸಾಧ್ಯಾನೇ ಇಲ್ಲ, ಭಾನುವಾರ ನಿಮಗೆ ದುಡಿಮೆ ದಿನ. ಎರಡನೇದು, ಆಸ್ಪತ್ರೆ ವಿಸಿಟ್, ಮನೆ ಪ್ರಾರ್ಥನೆ, ಬುಧವಾರದ ಮೀಟಿಂಗ್ ಎಲ್ಲಾ ನೀವೇ ಮಾಡ್ಬೇಕು ಅಂತ ಸಭೆ ಅಂದ್ಕೊಂಡಿದ್ರೆ ಅದನ್ನ ಈಗ್ಲೇ ಮುರೀರಿ, ಬುಧವಾರದ ಮೀಟಿಂಗನ್ನ ಒಬ್ಬ ಅಣ್ಣನಿಗೆ ಒಪ್ಪಿಸಿ, ಅವರು ತಡವರಿಸಿದ್ರೂ ಪರವಾಗಿಲ್ಲ.

ಪ್ರಸಂಗ ರೆಡಿ ಮಾಡೋಕೆ ಟೈಮೇ ಸಿಗಲ್ಲ, ಶನಿವಾರ ರಾತ್ರಿ ಕೂತ್ರೆ ತಲೆ ಓಡಲ್ಲ. ಏನ್ ಮಾಡೋದು?

ವಾರವಾರ ಹೊಸ ವಿಷಯ ಹುಡುಕೋದೇ ಅರ್ಧ ಟೈಮ್ ತಿನ್ನತ್ತೆ. ಒಂದು ಪುಸ್ತಕ ಹಿಡೀರಿ, ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಭಾಗ ಭಾಗವಾಗಿ ಮುಂದಕ್ಕೆ ಹೋಗ್ತಾ ಇರಿ. ಸೋಮವಾರಾನೇ ಮುಂದಿನ ಭಾಗ ಗಟ್ಟಿಯಾಗಿ ಎರಡು ಸಲ ಓದಿ ಬಿಡಿ, ಆಮೇಲೆ ಬಸ್ಸಲ್ಲಿ, ಗಾಡಿ ಓಡಿಸೋವಾಗ, ಮನೆ ಮನೆ ಹೋಗೋವಾಗ ಅದು ಒಳಗೆ ತಿರುಗ್ತಾ ಇರತ್ತೆ. ಗುರುವಾರ ಒಂದು ಗಂಟೆ ಕೂತು ಮೂರು ವಿಷಯ ಬರ್ಕೊಳ್ಳಿ: ಈ ಭಾಗದಲ್ಲಿ ಏನ್ ನಡೀತು, ದೇವರ ಬಗ್ಗೆ ಏನ್ ಹೇಳತ್ತೆ, ಗಾರ್ಮೆಂಟ್ಸಿಗೆ ಹೋಗೋ ನಮ್ಮ ಸಭೆಯ ಅಕ್ಕನಿಗೆ ಸೋಮವಾರ ಬೆಳಿಗ್ಗೆ ಇದ್ರಿಂದ ಏನು. ಮೂವತ್ತು ನಿಮಿಷ ಸಾಕು. ಒಂದು ಗಂಟೆ ಕಿರುಚಾಡಿದ್ರೆ ಮಾತ್ರ ಅಭಿಷೇಕ ಇದೆ ಅನ್ನೋ ನಂಬಿಕೆ ಯಾರು ತಂದ್ರೋ, ಅದು ನಮ್ಮದಲ್ಲ.

ನಾನು ಬೈಬಲ್ ಕಾಲೇಜಿಗೆ ಹೋಗಿಲ್ಲ, ಈಗ ಮನೆ ಬಿಟ್ಟು ಹೋಗೋ ಹಾಗೂ ಇಲ್ಲ.

ಹೋಗದೇನೂ ಓದಬಹುದು. ಕೇರಿ, ಅವರ ಜೊತೆಗಾರರಾದ ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಶುರು ಮಾಡಿದ ಸೆರಾಂಪುರ ಕಾಲೇಜಿನ ಸೆನೆಟ್ ಈಗಲೂ ಮನೇಲಿ ಕೂತು ಓದೋ ಎಕ್ಸ್‌ಟರ್ನಲ್ ಕೋರ್ಸ್‌ಗಳನ್ನ ನಡೆಸತ್ತೆ. ಕನ್ನಡದ ವಾತಾವರಣದಲ್ಲೇ ಓದಬೇಕು ಅನ್ನೋರಿಗೆ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿದೆ, ಅದು ಬ್ಯಾಪ್ಟಿಸ್ಟರದ್ದಲ್ಲ, ಆದ್ರೂ ಕಲಿಯೋಕೆ ಅದೇನು ಅಡ್ಡಿ. ಅಂದಹಾಗೆ ಕೇರಿ 1817ರಲ್ಲಿ ಕನ್ನಡಕ್ಕೂ ಒಂದು ವ್ಯಾಕರಣ ಬರೆದು ಸೆರಾಂಪುರದಲ್ಲಿ ಅಚ್ಚು ಹಾಕಿಸಿದ್ರು. ಯೂನಿವರ್ಸಿಟಿ ಮೆಟ್ಟಿಲು ಹತ್ತದ ಮನುಷ್ಯ ಅವರು.

## ಸಭೆ ನಡೆಸೋದು

ದೀಕ್ಷಾಸ್ನಾನ ಕೇಳಿದ ತಕ್ಷಣ ಕೊಡ್ಬೇಕಾ, ಕಾಯಿಸ್ಬೇಕಾ? ನಮ್ಮಲ್ಲಿ ತೊಟ್ಟಿನೂ ಇಲ್ಲ.

ಕಾಯೋದ್ರಲ್ಲಿ ನಷ್ಟ ಇಲ್ಲ. ಕಷ್ಟಕಾಲದಲ್ಲಿ ಅಕ್ಕಿ ಬೇಳೆ ಹಂಚಿದ ಮೇಲೆ 'ನನಗೂ ಕೊಡಿ' ಅಂತ ಬರೋರ ವಿಷಯದಲ್ಲಂತೂ ಕಾಯಲೇಬೇಕು. ಆಂಧ್ರದ ಒಂಗೋಲಲ್ಲಿ ಜಾನ್ ಕ್ಲೌ ಅನ್ನೋ ಬ್ಯಾಪ್ಟಿಸ್ಟ್ ಮಿಷನರಿ 1876-78ರ ಬರಗಾಲದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಕಾಂಟ್ರಾಕ್ಟ್ ತಗೊಂಡು ಸಾವಿರಾರು ಜನಕ್ಕೆ ಕೂಲಿ ಕೊಡಿಸಿದ್ರು, ಆದ್ರೆ ಬರ ಇರೋವರೆಗೂ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ, ಅನ್ನಕ್ಕೋಸ್ಕರ ಬಂದ್ರು ಅನ್ನೋ ಹಾಗೆ ಆಗಬಾರದು ಅಂತ. ಬರ ಇಳಿದ ಮೇಲೂ ಜನ ಬಿಡದೆ ಬಂದ್ರು. 1878ರ ಜುಲೈ 3ಕ್ಕೆ ಗುಂಡ್ಲಕಮ್ಮ ನದೀಲಿ ಒಂದೇ ದಿನ 2222 ಜನ, ಇಬ್ಬಿಬ್ಬರು ಬೋಧಕರು ಸರದಿ ಮೇಲೆ ನೀರಲ್ಲಿ ನಿಂತು ಕೊಟ್ರು. ನಮ್ಮ ಗಡಿಜಿಲ್ಲೆಗಳ ಎಷ್ಟೋ ತೆಲುಗು ಮಾತಾಡೋ ವಿಶ್ವಾಸಿಗಳಿಗೆ ಈ ಕಥೆ ಅಜ್ಜ ಅಜ್ಜಿ ಬಾಯಲ್ಲಿ ಕೇಳಿ ಗೊತ್ತು. ಸಹಾಯ ಬೇರೆ, ಸ್ನಾನ ಬೇರೆ, ಎರಡರ ಮಧ್ಯೆ ಅಂತರ ಇಡಿ.

ಇನ್ನು ತೊಟ್ಟಿ. ಕೆರೆ, ಕಾಲುವೆ ಬೇಡ, ಕೆರೇಲಿ ಹೂಳು ಎಲ್ಲಿದೆ ಗೊತ್ತಾಗಲ್ಲ, ಕಾಲುವೆ ಸೆಳೆತ ನಂಬೋ ಹಾಗಿಲ್ಲ. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನ ತಲೆ ಕುಯ್ಸಿ, ಕುಯ್ದ ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿ, ಹತ್ತೋಕೆ ಇಳಿಯೋಕೆ ಎರಡು ಕಡೆ ಗಟ್ಟಿ ಸ್ಟೂಲ್ ಹಾಕಿದ್ರೆ ಆಯ್ತು. ಟ್ಯಾಂಕಲ್ಲಿ ಜಾಗ ಕಮ್ಮಿ, ಅದಕ್ಕೆ ನೀವು ಹೊರಗೆ ಪಕ್ಕದಲ್ಲಿ ನಿಂತು ಬಗ್ಗಿ, ಅವರು ಒಳಗೆ ಮಂಡಿ ಊರಲಿ, ನೀರು ಎದೆ ಮಟ್ಟಕ್ಕೆ ಇರಲಿ. ಅವರು ಒಂದು ಕೈಲಿ ಕರ್ಚೀಫ್ ಹಿಡಿದು ಮೂಗು ಮುಚ್ಕೊಳ್ಳಲಿ, ಇನ್ನೊಂದು ಕೈಯಿಂದ ಅದೇ ಮಣಿಕಟ್ಟು ಗಟ್ಟಿ ಹಿಡೀಲಿ. ನಿಮ್ಮ ಒಂದು ಕೈ ಅವರ ಕತ್ತಿನ ಹಿಂದೆ, ಇನ್ನೊಂದು ಅವರು ಹಿಡಿದಿರೋ ಕೈ ಮೇಲೆ. ಹಿಂದಕ್ಕೆ ಬಾಗಿಸೋಕೆ ಜಾಗ ಸಾಲದೇ ಹೋದ್ರೆ ಮುಂದಕ್ಕೆ ಬಾಗಿಸಿ ಮುಳುಗಿಸಿ, ಮುಳುಗೋದು ಮುಖ್ಯ. ಹಿಂದಿನ ದಿನ ಒಣ ನೆಲದ ಮೇಲೆ ಒಂದು ಸಲ ಪ್ರಾಕ್ಟೀಸ್ ಮಾಡಿಸಿ, ವಯಸ್ಸಾದವರ ಭಯ ಅರ್ಧ ಹೋಗತ್ತೆ. ಅಕ್ಕಂದಿರಿಗೆ ದಪ್ಪ, ಗಾಢ ಬಣ್ಣದ ಬಟ್ಟೆ ಹಾಕ್ಕೊಂಡು ಬರೋಕೆ ಮೊದಲೇ ಹೇಳಿ, ಎದ್ದ ತಕ್ಷಣ ಟವೆಲ್ ಹೊದಿಸೋಕೆ ಇಬ್ಬರು ಅಕ್ಕಂದಿರು ಪಕ್ಕದಲ್ಲೇ ನಿಂತಿರಲಿ, ಯಾರೂ ವಿಡಿಯೋ ಮಾಡೋದು ಬೇಡ.

ಕಾಣಿಕೆ ಲೆಕ್ಕ ನಾನೇ ನೋಡ್ಕೊಳ್ತೀನಿ, ಯಾರಿಗೂ ಅನುಮಾನ ಇಲ್ಲ. ಆದ್ರೂ ಬದಲಾಯಿಸ್ಬೇಕಾ?

ಈ ಭಾನುವಾರಾನೇ ಬದಲಾಯಿಸಿ. ಅನುಮಾನ ಇಲ್ಲದಿರೋವಾಗ ಬದಲಾಯಿಸೋದು ಸುಲಭ, ಒಂದು ಸಲ ಗುಸುಗುಸು ಶುರುವಾದ್ಮೇಲೆ ನೀವು ಏನೇ ಮಾಡಿದ್ರೂ ಬಚ್ಚಿಡೋಕೆ ಮಾಡಿದ ಹಾಗೆ ಕಾಣತ್ತೆ. ಪೌಲಾನೂ ಕಾಣಿಕೆ ಹಣ ಒಬ್ಬನೇ ತಗೊಂಡು ಹೋಗಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದ ಜನರನ್ನ ಜೊತೆಗಿಟ್ಕೊಂಡ, 2 ಕೊರಿಂಥ 8ರಲ್ಲಿದೆ.

ಹೇಗೆ ಅಂದ್ರೆ, ಆರಾಧನೆ ಮುಗಿದ ಮೇಲೆ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಮುಂದಿನ ಟೇಬಲ್ ಮೇಲೆ ಚೀಲ ಸುರೀರಿ. ಒಂದೇ ಮನೆಯವರಲ್ಲದ ಇಬ್ಬರು ಎಣಿಸ್ಲಿ. ಹತ್ತು, ಇಪ್ಪತ್ತು, ಐವತ್ತು, ನೂರು, ಐನೂರು ಬೇರೆ ಬೇರೆ ಜೋಡಿಸಿ, ಎಷ್ಟೆಷ್ಟು ನೋಟು ಅಂತ ಕಾರ್ಬನ್ ಇಟ್ಟ ಬುಕ್ಕಲ್ಲಿ ಬರೆದು ಇಬ್ಬರೂ ಸೈನ್ ಹಾಕ್ಲಿ, ಒಂದು ಕಾಪಿ ಖಜಾಂಚಿಗೆ, ಒಂದು ಬುಕ್ಕಲ್ಲೇ. ಸೋಮವಾರ ಬ್ಯಾಂಕಿಗೆ. ದುಡ್ಡು ನಿಮ್ಮ ಮನೆಗೆ ಬರೋದೇ ಬೇಡ. ಗೋಡೆ ಮೇಲಿನ ಕ್ಯೂಆರ್ ಕೋಡ್ ಯಾರ ಹೆಸರಿಂದು ಅಂತ ಈಗ್ಲೇ ಸ್ಕ್ಯಾನ್ ಮಾಡಿ ನೋಡಿ, ಬಹಳ ಕಡೆ ಅದು ಪಾಸ್ಟರ್ ಪರ್ಸನಲ್ ನಂಬರೇ ಆಗಿರತ್ತೆ. ಸಭೆ ಹೆಸರಲ್ಲಿ ಅಕೌಂಟ್, ಇಬ್ಬರ ಸೈನ್, ತಿಂಗಳಿಗೊಂದು ಸಲ ಬಂದದ್ದು ಹೋದದ್ದು ಓದಿ ಹೇಳೋದು, ಇಷ್ಟಾದ್ರೆ ರಾತ್ರಿ ನೆಮ್ಮದಿಯಾಗಿ ಮಲಗ್ತೀರ.

ಕಮಿಟಿಯವರು ಎಲ್ಲದಕ್ಕೂ ಅಡ್ಡ ಬರ್ತಾರೆ. ಪಾಸ್ಟರ್ ಮಾತು ನಡೀಬೇಕಲ್ವಾ?

ವಾಕ್ಯ ಕಲಿಸೋದ್ರಲ್ಲಿ ನಿಮ್ಮ ಮಾತಿಗೆ ತೂಕ ಇದೆ, ಇರಲೇಬೇಕು. ಆದ್ರೆ ಛಾವಣಿಗೆ ಶೀಟ್ ಹಾಕ್ಸೋದಾ ಆರ್‌ಸಿಸಿ ಮಾಡ್ಸೋದಾ ಅನ್ನೋದ್ರಲ್ಲಿ ನಿಮ್ಮದು ಒಂದು ಓಟು ಅಷ್ಟೇ. ಕೃತ್ಯಗಳು 6ರಲ್ಲಿ ಅಪೊಸ್ತಲರು ಊಟ ಬಡಿಸೋ ಕೆಲಸಕ್ಕೆ ಏಳು ಜನರನ್ನ ನೀವೇ ಆರಿಸಿ ಅಂತ ಸಭೆಗೇ ಬಿಟ್ರು, ತಾವು ಪ್ರಾರ್ಥನೆ, ವಾಕ್ಯದ ಕಡೆ ಹೋದ್ರು. ಕಮಿಟಿ ಮೀಟಿಂಗಿಗೆ ಮೂರು ದಿನ ಮೊದಲು ಏನೇನು ಚರ್ಚೆ ಅಂತ ಬರೆದು ಕಳಿಸಿ, ಅಲ್ಲೇ ದಿಢೀರ್ ಅಂತ ಹೊಸ ವಿಷಯ ಎತ್ತಬೇಡಿ, ಜಗಳ ಅರ್ಧ ಇದ್ರಿಂದಾನೇ ಆಗೋದು. ಡೀಕನ್ ಒಬ್ಬರು ಸದಾ ವಿರೋಧ ಮಾಡ್ತಿದ್ರೆ ಅವರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ, ಸಭೆ ವಿಷಯ ಎತ್ತಬೇಡಿ ಅವತ್ತು. ಪುಲ್ಪಿಟ್ಟಿಂದ ಅವರಿಗೆ ಗುರಿಯಿಟ್ಟು ಪ್ರಸಂಗ ಮಾಡೋದು ಅನ್ಯಾಯ, ಎದುರು ಮಾತಾಡೋಕೆ ಅಲ್ಲಿ ಅವರಿಗೆ ಮೈಕ್ ಇಲ್ಲ.

ನಾನು ಡೀಕನ್. ಪಾಸ್ಟರ್‌ಗೆ ಎಷ್ಟು ಕೊಡ್ಬೇಕು ಅಂತ ಪ್ರತಿ ವರ್ಷ ಎಳೆದಾಡ್ತೀವಿ.

ಪಾಸ್ಟರ್‌ನ ಹೊರಗೆ ಕೂರಿಸಿ ಅವರ ಮನೆ ಖರ್ಚಿನ ಬಗ್ಗೆ ಮಾತಾಡೋದು ಅವರಿಗೆ ಎಷ್ಟು ಅವಮಾನ ಅನ್ಸತ್ತೆ ಅಂತ ಮೊದಲು ಯೋಚ್ನೆ ಮಾಡಿ. ಲೆಕ್ಕ ಸರಳ: ನಿಮ್ಮ ಊರಲ್ಲಿ ಮನೆ ಬಾಡಿಗೆ ಎಷ್ಟು, ಇಬ್ಬರು ಮಕ್ಕಳ ಸ್ಕೂಲ್ ಫೀಸ್ ಎಷ್ಟು, ಸಭೆ ಕೆಲಸಕ್ಕೆ ಓಡಾಡೋ ಪೆಟ್ರೋಲ್ ಎಷ್ಟು, ದಿನಸಿ ಎಷ್ಟು. ನಿಮ್ಮ ಸಭೆಯ ಒಂದು ಸಾಧಾರಣ ಮನೆ ನಡೆಯೋ ಮಟ್ಟಕ್ಕೆ ಅವರ ಮನೇನೂ ನಡೀಬೇಕು. ಪೆಟ್ರೋಲನ್ನ ಸಂಬಳದಲ್ಲಿ ಸೇರಿಸಬೇಡಿ, ಅದು ಸಭೆ ಖರ್ಚು. ಅಷ್ಟು ಕೊಡೋ ಶಕ್ತಿ ಇಲ್ಲ ಅಂದ್ರೆ ಇಲ್ಲ ಅಂತ ನೇರ ಹೇಳಿ, ಅವರು ಹೊರಗೆ ದುಡಿಯೋಕೆ ಟೈಮ್ ಬಿಟ್ಕೊಡಿ, ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಕೇಳಬೇಡಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಕಾರ್ಡ್ ಮಾಡ್ಸಿದಾರಾ ಕೇಳಿ, ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅದರಲ್ಲಿದೆ. 40 ದಾಟದ ಪಾಸ್ಟರ್ ಆಗಿದ್ದು ಇನ್‌ಕಮ್ ಟ್ಯಾಕ್ಸ್ ಕಟ್ಟದವರಾಗಿದ್ರೆ ಅಟಲ್ ಪೆನ್ಶನ್ ಯೋಜನೆ ಕಂತು ಸಭೆಯಿಂದಾನೇ ಕಟ್ಟಿ. ಅರವತ್ತಾದ ಮೇಲೆ ಬಾಡಿಗೆ ಮನೆ ಹುಡುಕ್ತಾ ಅಲೆಯೋ ಸೇವಕರನ್ನ ನೋಡಿ ನೋಡಿ ಹೇಳ್ತಿದೀನಿ ಇದನ್ನ.

ಸಭೇಲಿ ಮದುವೆ ಮಾಡಿಸ್ಬೇಕು. ನಾನು ಆರ್ಡಿನೇಷನ್ ಆಗಿದೀನಿ, ಅದು ಸಾಕಲ್ವಾ?

ಸಾಲಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಬಿಷಪ್ ಕೈಯಿಂದ ಅಭಿಷೇಕ ಆದವರಿಗೆ ಒಂದು ದಾರಿ ಇದೆ, ನಮಗೆ ಬಿಷಪ್ ಇಲ್ಲ, ಹಾಗಾಗಿ ಬ್ಯಾಪ್ಟಿಸ್ಟ್ ಪಾಸ್ಟರ್‌ಗೆ ಸರ್ಕಾರದ ಲೈಸೆನ್ಸ್ ಬೇಕು. ಅಧಿಕಾರ ಇಲ್ಲದೆ ಆ ಕಾಯ್ದೆ ಕೆಳಗೆ ಮದುವೆ ಮಾಡ್ಸೋದು ಸೆಕ್ಷನ್ 68ರಲ್ಲಿ ಅಪರಾಧ, ಶಿಕ್ಷೆ 10 ವರ್ಷದವರೆಗೆ ಹೋಗಬಹುದು. ಲೈಸೆನ್ಸ್ ಇಲ್ಲದಿದ್ರೆ ಲೈಸೆನ್ಸ್ ಇರೋ ಇನ್ನೊಬ್ಬ ಪಾಸ್ಟರನ್ನ ಕರೆಸಿ, ಇಲ್ಲಾ ಮೊದಲು ರಿಜಿಸ್ಟ್ರಾರ್ ಹತ್ರ ಮದುವೆ ಆಗಿ ಬರಲಿ, ಸಭೇಲಿ ನೀವು ವಾಕ್ಯ ಹೇಳಿ ಆಶೀರ್ವಾದದ ಪ್ರಾರ್ಥನೆ ಮಾಡಿ. ಹುಡುಗನಿಗೆ 21, ಹುಡುಗಿಗೆ 18, ಅದಕ್ಕೆ ಬರ್ತ್ ಸರ್ಟಿಫಿಕೇಟೋ ಮಾರ್ಕ್ಸ್ ಕಾರ್ಡೋ ನೋಡ್ಬೇಕು, ಅಪ್ಪ ಅಮ್ಮ ಹೇಳಿದ ಮಾತು ಲೆಕ್ಕಕ್ಕಿಲ್ಲ. ಊರವರೆಲ್ಲ ಸೇರಿ ಒತ್ತಡ ಹಾಕಿದ್ರೂ ಬಗ್ಗಬೇಡಿ.

## ಮನೆ, ಮನಸ್ಸು

ನಾನು ಪಾಸ್ಟರ್ ಹೆಂಡ್ತಿ. ಸಂಡೇ ಸ್ಕೂಲ್, ಅಡುಗೆ, ಹಾಡು, ಬಂದವರಿಗೆ ಟೀ, ಎಲ್ಲಾ ನಾನೇ. ನನಗೆ ಕರೆ ಇತ್ತಾ ಅಂತ ಯಾರೂ ಕೇಳಲೇ ಇಲ್ಲ.

ಕೇಳಬೇಕಿತ್ತು ತಂಗಿ. ಕೇರಿ ಕಥೆ ಹೇಳೋವಾಗ ನಾವು ಅವರ ಹೆಂಡ್ತಿ ಡೊರೊಥಿ ಕಥೆ ನುಂಗಿಬಿಡ್ತೀವಿ. ಅವಳಿಗೆ ಹಿಂದೂಸ್ತಾನಕ್ಕೆ ಬರೋಕೆ ಇಷ್ಟ ಇರಲಿಲ್ಲ, ತಂಗಿ ಜೊತೆಗೆ ಬರ್ತಾಳೆ ಅಂತಾದ್ಮೇಲೆ ಒಪ್ಕೊಂಡಳು, ಇಲ್ಲಿ ಮಗನ್ನ ಕಳ್ಕೊಂಡು ಮನಸ್ಸಿನ ಕಾಯಿಲೆ ಹತ್ತಿ ಕೊನೇವರೆಗೂ ವಾಸಿ ಆಗಲಿಲ್ಲ, 1807ರಲ್ಲಿ ತೀರ್ಕೊಂಡಳು. ಗಂಡ ಪಕ್ಕದ ರೂಮಲ್ಲಿ ಭಾಷಾಂತರ ಮಾಡ್ತಿದ್ದ ವರ್ಷಗಳು ಅವು. ಇದನ್ನ ಪ್ರತಿ ಪಾಸ್ಟರೂ ಗೊತ್ತುಮಾಡ್ಕೋಬೇಕು ಅಂತ ನನ್ನ ಆಸೆ.

ಸಭೆ ನಿಮ್ಮ ಗಂಡನ್ನ ಆರಿಸ್ತು, ನಿಮ್ಮನ್ನ ಕೆಲಸಕ್ಕೆ ಇಟ್ಕೊಳ್ಳಲಿಲ್ಲ. ಉಳಿದ ಅಕ್ಕಂದಿರ ಹಾಗೆ ನೀವೂ ಒಬ್ಬ ಸದಸ್ಯೆ. ನಿಮಗೆ ಖುಷಿ ಕೊಡೋ ಒಂದು ಕೆಲಸ ಇಟ್ಕೊಳ್ಳಿ, ಉಳಿದದ್ದು ಮುಂದಿನ ಸದಸ್ಯರ ಮೀಟಿಂಗಲ್ಲಿ ಹಂಚಿಹೋಗಲಿ, ಅದನ್ನ ಎತ್ತಬೇಕಾದವರು ನಿಮ್ಮ ಗಂಡ, ನೀವಲ್ಲ. ಮಕ್ಕಳ ವಿಷಯಾನೂ ಹೀಗೇ, 'ಪಾಸ್ಟರ್ ಮಗ ಹಿಂಗ್ ಮಾಡೋದಾ' ಅಂತ ಯಾರಾದ್ರೂ ಅಂದ್ರೆ ಅಪ್ಪ ಅಲ್ಲೇ ಮಗನ ಪಕ್ಷ ನಿಲ್ಲಬೇಕು.

ಪ್ರಾರ್ಥನೆ ಮಾಡೋಕೂ ಆಗ್ತಿಲ್ಲ. ಬೆಳಿಗ್ಗೆ ಏಳೋಕೇ ಮನಸ್ಸಿಲ್ಲ. ಸಭೇಲಿ ಹೇಳಿದ್ರೆ ನಂಬಿಕೆ ಇಲ್ಲ ಅಂತಾರೆ.

ಹೇಳೋರು ಹೇಳ್ಲಿ. ಸ್ಪರ್ಜನ್‌ಗೆ 22 ವಯಸ್ಸಿದ್ದಾಗ, 1856ರ ಅಕ್ಟೋಬರಲ್ಲಿ ಲಂಡನ್ನಿನ ಸರ್ರೆ ಗಾರ್ಡನ್ಸ್ ಹಾಲಲ್ಲಿ ಅವರ ಪ್ರಸಂಗದ ಮಧ್ಯೆ ಯಾರೋ ಬೆಂಕಿ ಅಂತ ಸುಳ್ಳು ಕೂಗಿ, ನೂಕುನುಗ್ಗಲಲ್ಲಿ ಏಳು ಜನ ಸತ್ತರು. ಆ ಬ್ಯಾಪ್ಟಿಸ್ಟ್ ಪಾಸ್ಟರ್ ಆಮೇಲೆ ಜೀವನಪೂರ್ತಿ ಖಿನ್ನತೆ ಜೊತೆ ಹೆಣಗಿದ್ರು, ಅದನ್ನ ಮುಚ್ಚಿಡದೆ ತಮ್ಮ ವಿದ್ಯಾರ್ಥಿಗಳಿಗೂ ಹೇಳಿದ್ರು. ಪ್ರವಾದಿ ಎಲೀಯ ಸಾಯೋಕೆ ಬಿಡು ಅಂತ ಕೇಳಿದಾಗ ದೇವದೂತ ಬೈಲಿಲ್ಲ, ಎರಡು ಸಲ ಎಬ್ಬಿಸಿ ರೊಟ್ಟಿ ನೀರು ತಗೋ ಅಂದ, ಮಧ್ಯೆ ಮಲಗೋಕೆ ಬಿಟ್ಟ.

ಹಾಗಾಗಿ ಮೊದಲು ನಿದ್ದೆ, ಊಟ. ಬಿಪಿ, ಶುಗರ್, ಥೈರಾಯ್ಡ್ ಟೆಸ್ಟ್ ಮಾಡ್ಸಿ, ಅದರಿಂದಾನೂ ಹೀಗಾಗತ್ತೆ. ಎರಡು ವಾರಕ್ಕಿಂತ ಹೆಚ್ಚು ಇದ್ರೆ ಮನಸ್ಸಿನ ಡಾಕ್ಟರ್ ಹತ್ರ ಹೋಗಿ, ಜಿಲ್ಲಾಸ್ಪತ್ರೇಲಿ ಇರ್ತಾರೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ಮಾತ್ರೆ ಬರೆದ್ರೆ ತಗೊಳ್ಳಿ, ಶುಗರ್ ಮಾತ್ರೆ ತಗೊಳ್ಳೋದು ಅವಿಶ್ವಾಸ ಅಲ್ಲ ತಾನೆ. ಸಾಯೋ ಯೋಚನೆ ಬಂದ್ರೆ ಈ ಪುಟ ಬಿಟ್ಟು ಈಗ್ಲೇ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ, ಮನೆಯಲ್ಲೂ ಒಬ್ಬರಿಗೆ ಹೇಳಿ ಒಬ್ಬರೇ ಇರಬೇಡಿ. ಪ್ರಾರ್ಥನೆ ಬಾಯಿಗೆ ಬರ್ತಿಲ್ಲ ಅಂದ್ರೆ ಕೀರ್ತನೆ 88 ಓದಿ ಸುಮ್ನಿರಿ, ಉಳಿದದ್ದು ನಿಮ್ಮ ಪರವಾಗಿ ಬೇರೆಯವರು ಮಾಡ್ಲಿ. ಡೀಕನ್‌ಗಳು ಇದನ್ನ ಓದ್ತಿದ್ರೆ, ಪಾಸ್ಟರ್‌ಗೆ ಒಂದು ತಿಂಗಳು ಸಂಬಳ ಸಹಿತ ರಜೆ ಕೊಡಿ, ಪ್ರಸಂಗಕ್ಕೆ ನಾಲ್ಕು ಜನ ಹುಡುಕೋ ಕೆಲಸ ನಿಮ್ಮದು.

## ಕಷ್ಟದ ಪ್ರಶ್ನೆಗಳು

ಸಭೆ ಕಟ್ಟಿಸಿಕೊಟ್ಟ ಮನೆತನದವರೇ ತಪ್ಪು ಮಾಡಿದಾರೆ. ಶಿಸ್ತು ಕ್ರಮ ತಗೊಂಡ್ರೆ ಸಭೆ ಒಡೆಯತ್ತೆ.

ತಗೊಳ್ಳದಿದ್ರೂ ಒಡೆಯತ್ತೆ, ಸ್ವಲ್ಪ ನಿಧಾನಕ್ಕೆ. ಬಡ ಮನೆ ಹುಡುಗಿಗೆ ಒಂದು ನ್ಯಾಯ, ಇವರಿಗೆ ಒಂದು ನ್ಯಾಯ ಅಂತ ಸಭೆಯವರು ನೋಡ್ತಾನೇ ಇರ್ತಾರೆ. ಮತ್ತಾಯ 18ರ ದಾರೀಲೇ ಹೋಗಿ: ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗಿ, ಆಮೇಲೇ ಸಭೆ ಮುಂದೆ. ಪ್ರತಿ ಹಂತಕ್ಕೂ ಟೈಮ್ ಕೊಡಿ, ತಾರೀಖು ಹಾಕಿ ಬರೆದಿಡಿ. ಸಭೆ ಮುಂದೆ ಬಂದಾಗ ತೀರ್ಮಾನ ಸದಸ್ಯರದ್ದು, ನೀವೊಬ್ಬರೇ ತೀರ್ಪು ಕೊಟ್ಟು ಎದುರು ಹಾಕ್ಕೊಳ್ಳೋ ಅಗತ್ಯ ಇಲ್ಲ. ವಿವರ ಬೇಕಾದಷ್ಟೇ ಹೇಳಿ, ಬಾಯಿ ಚಪಲಕ್ಕೆ ಆಹಾರ ಮಾಡಬೇಡಿ. ಬಾಗಿಲು ತೆರೆದೇ ಇರಲಿ, ತಿರುಗಿ ಬಂದವರನ್ನ ಅಪ್ಕೊಳ್ಳೋಕೆ ತಾನೇ ಇದೆಲ್ಲ.

ಸಂಡೇ ಸ್ಕೂಲ್ ಮಗು ಒಬ್ಬ ಟೀಚರ್ ಬಗ್ಗೆ ಏನೋ ಹೇಳಿದೆ. ಸಭೆ ಹೆಸರು ಹಾಳಾಗದ ಹಾಗೆ ಒಳಗೇ ಮುಗಿಸ್ಬಹುದಾ?

ಆಗಲ್ಲ, ಮಾಡಬಾರದು. ಮಗು ಮೇಲಿನ ಲೈಂಗಿಕ ಅಪರಾಧ ಗೊತ್ತಾದ್ರೆ ಪೊಲೀಸರಿಗೆ ತಿಳಿಸೋದು 2012ರ ಪೋಕ್ಸೋ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಪ್ರತಿಯೊಬ್ಬರ ಕರ್ತವ್ಯ, ಪಾಸ್ಟರ್‌ಗೆ ವಿನಾಯ್ತಿ ಇಲ್ಲ, ಮುಚ್ಚಿಟ್ರೆ ಅದೂ ಅಪರಾಧ. ಮತ್ತಾಯ 18ನ್ನ ಇಲ್ಲಿ ತರಬೇಡಿ, ಮಗೂನ ಆ ಮನುಷ್ಯನ ಎದುರು ಕೂರಿಸಿ ವಿಚಾರಣೆ ಮಾಡ್ಬೇಡಿ. ಮಗು ಹೇಳಿದ್ದನ್ನ ಅದೇ ಮಾತಲ್ಲಿ ಬರೆದಿಟ್ಟು, ಅವನನ್ನ ಆ ಕ್ಷಣದಿಂದ ಮಕ್ಕಳ ಹತ್ರ ಬಿಡದೆ, 1098ಕ್ಕೆ ಅಥವಾ ಸ್ಟೇಷನ್‌ಗೆ ತಿಳಿಸಿ. ಕರ್ತನ ಹೆಸರು ಹಾಳಾಗೋದು ಮುಚ್ಚಿಟ್ಟಾಗ. ಇವತ್ತಿಂದ ಯಾವ ಕ್ಲಾಸಲ್ಲೂ ಇಬ್ಬರು ದೊಡ್ಡವರಿರ್ಬೇಕು, ಬಾಗಿಲು ತೆರೆದಿರ್ಬೇಕು.

ಬಾಡಿಗೆ ಮನೇಲಿ ಪ್ರಾರ್ಥನೆ ಮಾಡ್ತೀವಿ, ಕೆಲವರು ಬಂದು ಗಲಾಟೆ ಮಾಡ್ತಾರೆ, ಮತಾಂತರ ಅಂತಾರೆ. ಭಯ ಆಗತ್ತೆ.

ಭಯ ಆಗೋದು ಸಹಜ. ಸಂವಿಧಾನದ 25ನೇ ವಿಧಿ ನಂಬೋಕೆ, ಆಚರಿಸೋಕೆ, ಸಾರೋಕೆ ಹಕ್ಕು ಕೊಟ್ಟಿದೆ, ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯದ ಮಿತಿಯೊಳಗೆ. ಗಲಾಟೆ ಬಂದ ದಿನ ವಾದ ಬೇಡ, ಯಾರನ್ನೂ ಮುಟ್ಟೋದು ಬೇಡ, ಮಕ್ಕಳನ್ನ ಅಕ್ಕಂದಿರನ್ನ ಒಳಗೆ ಕೂರಿಸಿ 112ಕ್ಕೆ ಫೋನ್ ಮಾಡಿ. ಅದಕ್ಕಿಂತ ಮೊದಲೇ ಮಾಡೋ ಕೆಲಸ ಜಾಸ್ತಿ ಇದೆ: ಮನೆ ಓನರ್ ಹತ್ರ ಪ್ರಾರ್ಥನೆಗೆ ಅಂತಾನೇ ಬರೆದ ಅಗ್ರಿಮೆಂಟ್, ಸೌಂಡ್ ಬಾಕ್ಸ್ ಇಲ್ಲದ ಹಾಡು, ಪಕ್ಕದ ಮನೆಯವರ ಗೇಟ್ ಮುಂದೆ ಬೈಕ್ ನಿಲ್ಸದಿರೋದು, ಒಬ್ಬ ವಕೀಲರ ನಂಬರ್. ನೆರೆಯವರ ಜೊತೆ ಹಬ್ಬ ಹರಿದಿನಕ್ಕೆ ಮಾತುಕತೆ ಇದ್ರೆ ಎಷ್ಟೋ ಕಡೆ ಅವರೇ ಬಂದು ಅಡ್ಡ ನಿಂತಿದಾರೆ.

ದೀಕ್ಷಾಸ್ನಾನದ ವಿಷಯದಲ್ಲಿ, 2022ರ ಕರ್ನಾಟಕದ ಕಾಯ್ದೆ ಮತ ಬದಲಾಯಿಸೋರು, ಬದಲಾಯಿಸೋ ವಿಧಿ ನಡೆಸೋರು ಇಬ್ಬರೂ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸ್ಬೇಕು ಅಂತ ತಂತು. 2023ರ ಜೂನಲ್ಲಿ ರಾಜ್ಯ ಸಂಪುಟ ಅದನ್ನ ವಾಪಸ್ ತಗೊಳ್ಳೋ ತೀರ್ಮಾನ ಮಾಡ್ತು. ಸಂಪುಟದ ತೀರ್ಮಾನ ಒಂದು, ಕಾಯ್ದೆ ಪುಸ್ತಕದಿಂದ ಹೋಗೋದು ಇನ್ನೊಂದು, ಹಾಗಾಗಿ ನೀರಿಗಿಳಿಸೋ ಮೊದಲು ವಕೀಲರನ್ನ ಕೇಳಿ ಹೆಜ್ಜೆ ಇಡಿ. 18 ಆಗದವರಿಗೆ ಬೇಡ. ತಾನೇ ಬರೆದ ಕೋರಿಕೆ ಪತ್ರ ಫೈಲಲ್ಲಿರಲಿ. ಯಾರಿಗೂ ದುಡ್ಡು, ಕೆಲಸ, ಸ್ಕೂಲ್ ಸೀಟಿನ ಮಾತು ಆಡಲೇಬೇಡಿ, ಕಾನೂನು ಇರಲಿ ಬಿಡಲಿ, ನಂಬಿಕೆಗೆ ಬೆಲೆ ಕಟ್ಟೋದು ನಮ್ಮ ಬೋಧನೆಗೇ ವಿರುದ್ಧ.

ವಿದೇಶದ ಸಭೆಯವರು ಕಟ್ಟಡಕ್ಕೆ ದುಡ್ಡು ಕಳಿಸ್ತೀವಿ ಅಂತಿದಾರೆ, ನನ್ನ ಅಕೌಂಟಿಗೇ ಹಾಕ್ತಾರಂತೆ.

ಬೇಡ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಸಭೆ ಕೆಲಸಕ್ಕೆ ವಿದೇಶಿ ದೇಣಿಗೆ ತಗೊಳ್ಳೋ ಹಾಗಿಲ್ಲ. 2020ರ ತಿದ್ದುಪಡಿ ಆದ್ಮೇಲೆ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರ್ಬೇಕು, ನೋಂದಣಿ ಇರೋ ಇನ್ನೊಂದು ಸಂಸ್ಥೆ ನಿಮಗೆ ದಾಟಿಸೋಕೂ ಆಗಲ್ಲ. ಫ್ರೆಂಡ್ ಅಕೌಂಟ್, ಹೆಂಡ್ತಿ ಅಕೌಂಟ್ ಅನ್ನೋ ಉಪಾಯ ಹೇಳೋರ ಮಾತು ಕೇಳಬೇಡಿ. ಶೀಟ್ ಛಾವಣಿ ಕೆಳಗೆ ನಮ್ಮ ಜನರ ಹತ್ತು ಇಪ್ಪತ್ತು ರೂಪಾಯಿಯಿಂದ ನಿಧಾನಕ್ಕೆ ಕಟ್ಟಿದ ಗೋಡೆಯನ್ನ ಜನ ತಮ್ಮದು ಅಂತಾರೆ. ಅವರು ಬಂದು ಪ್ರೋತ್ಸಾಹದ ಮಾತು ಹೇಳ್ಲಿ, ಪ್ರಾರ್ಥನೆ ಮಾಡ್ಲಿ, ಸಂತೋಷ.

ಜಾಗ ನನ್ನ ಹೆಸರಲ್ಲಿದೆ. ನನ್ನ ನಂತರ ಮಗನೇ ಪಾಸ್ಟರ್ ಆಗ್ಲಿ ಅಂತ ಸಭೆಯವರೂ ಅಂತಿದಾರೆ. ಏನ್ ಮಾಡ್ಲಿ?

ಎರಡೂ ಬೇರೆ ಬೇರೆ ವಿಷಯ, ಒಟ್ಟಿಗೆ ಸೇರಿರೋದೇ ತೊಂದರೆ. ಜಾಗ ಮೊದಲು ಸರಿ ಮಾಡಿ. ಸಭೆಯನ್ನ ಟ್ರಸ್ಟಾಗಿ ಇಲ್ಲಾ 1960ರ ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆ ಕೆಳಗೆ ಸೊಸೈಟಿಯಾಗಿ ರಿಜಿಸ್ಟರ್ ಮಾಡ್ಸಿ ಜಾಗವನ್ನ ಅದರ ಹೆಸರಿಗೆ ಬರೆದುಕೊಡಿ. ಟ್ರಸ್ಟಿಗಳಲ್ಲಿ ನಿಮ್ಮ ಮನೆಯವರು ಅರ್ಧಕ್ಕಿಂತ ಕಮ್ಮಿ ಇರಲಿ, ನನ್ನ ಕೇಳಿದ್ರೆ ಒಬ್ಬರಿದ್ರೂ ಹೆಚ್ಚು. ನೀವು ಬದುಕಿರೋವಾಗ್ಲೇ ಇದು ಆಗ್ಬೇಕು, ಇಲ್ಲಾಂದ್ರೆ ನಿಮ್ಮ ಮಕ್ಕಳು ತಮ್ಮ ತಮ್ಮಲ್ಲೇ ಪಾಲು ಕೇಳೋವಾಗ ಆರಾಧನಾಲಯ ಕೋರ್ಟಿಗೆ ಹೋಗತ್ತೆ, ಹೋಗಿವೆ.

ಮಗನ ವಿಷಯ, ಅವನಿಗೆ ನಿಜವಾಗ್ಲೂ ಕರೆ ಇದ್ರೆ ಅವನು ಇನ್ನೊಂದು ಸಭೇಲಿ, ನಿಮ್ಮ ಹೆಸರು ಗೊತ್ತಿಲ್ಲದ ಕಡೆ, ಒಂದೆರಡು ವರ್ಷ ಸೇವೆ ಮಾಡಿ ಬರಲಿ. ಆಮೇಲೆ ಸಭೆ ಬೇರೆಯವರನ್ನೂ ಕರೆಸಿ ವಾಕ್ಯ ಕೇಳಿ, ಗುಪ್ತ ಓಟು ಹಾಕಿ ಆರಿಸಲಿ, ಆ ಮೀಟಿಂಗಲ್ಲಿ ನೀವೂ ಪಾಸ್ಟರಮ್ಮನೂ ಇರಬೇಡಿ, ಕೈ ಎತ್ತೋ ಓಟು ಬೇಡವೇ ಬೇಡ, ನಿಮ್ಮ ಮುಖ ನೋಡಿ ಯಾರೂ ಬೇಡ ಅನ್ನಲ್ಲ. ಹೊಸಬರು ಯಾರೇ ಬಂದ್ರೂ ಮೊದಲ ಆರು ತಿಂಗಳು ನೀವು ಬೇರೆ ಸಭೆಗೆ ಆರಾಧನೆಗೆ ಹೋಗಿ, ಸದಸ್ಯರು ದೂರು ಹೇಳೋಕೆ ಫೋನ್ ಮಾಡಿದ್ರೆ 'ಪಾಸ್ಟರ್ ಹತ್ರ ಮಾತಾಡಮ್ಮ' ಅಂತ ಹೇಳಿ ಫೋನ್ ಇಡಿ. ಬ್ಯಾಂಕಿನ ಸೈನ್, ಬೀಗದ ಕೈ, ಸದಸ್ಯರ ರಿಜಿಸ್ಟರ್, ದೀಕ್ಷಾಸ್ನಾನದ ಪತ್ರಗಳ ಫೈಲ್, ಜಾಗದ ಕಾಗದ, ಇಷ್ಟನ್ನೂ ಒಂದೇ ದಿನ ಡೀಕನ್‌ಗಳ ಎದುರು ಲಿಸ್ಟ್ ಮಾಡಿ ಕೊಟ್ಟು ಸೈನ್ ತಗೊಳ್ಳಿ.